ಒದ್ದೆ ನೆಲ ಕಪ್ಪೇಕೆ?

ಮೈಸೂರಿನಲ್ಲಿ ಮಳೆ ವರ್ಷಕ್ಕೆ ಎರಡು ಬಾರಿ ಹೆಚ್ಚಾಗಿ ಬರುವುದು. ಒಂದು ಮೇ ತಿಂಗಳಿನಲ್ಲಿ, ಇನ್ನೊಂದು ಅಕ್ಟೋಬರಿನಲ್ಲಿ. ಮೇ ತಿಂಗಳ ಮಳೆಗೆ ಆರ್ಭಟ ಹೆಚ್ಚು. ಅದು ಗಾಳಿಯೊಡನೆ ಬಂದು, ಮರದ ಕೊಂಬೆಗಳನ್ನು ಮುರಿದು, ಬೀದಿಗಳನ್ನು ತೊಳೆದು ಹೊರಟುಹೋಗುತ್ತದೆ. ಆಶ್ವಯುಜದ ಮಳೆ ಎಷ್ಟೋ ಸಲ ಸೌಮ್ಯವಾದುದು. ದಸರೆಯ ಗದ್ದಲ ಮುಗಿದು ಊರು ದಣಿವಾರಿಸಿಕೊಳ್ಳುತ್ತಿರುವಾಗ, ಸಂಜೆ ನಾಲ್ಕರ ಸುಮಾರಿಗೆ ಚಾಮುಂಡಿಬೆಟ್ಟದ ನೆತ್ತಿ ಮೋಡದಲ್ಲಿ ಮರೆಯಾಗುವುದು. ಐದು ಗಂಟೆಗೆ ಹನಿಯಲಾರಂಭಿಸಿದ ಮಳೆ ದೀಪ ಹಚ್ಚುವ ಹೊತ್ತಿನವರೆಗೂ ಒಂದೇ ಸಮನೆ ಜಿನುಗುತ್ತಿರುವುದು. ಛತ್ರಿ ಇಲ್ಲದವರು ಜಗಲಿಯನ್ನೋ ಮರದಡಿಯನ್ನೋ ಆಶ್ರಯಿಸಿ ನಿಲ್ಲಬೇಕು. ಮಾಡಲು ಕೆಲಸವಿಲ್ಲ, ನೋಡಲು ಬೇಕಾದಷ್ಟುಂಟು. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೂಡಿ ಆ ಪ್ರಯೋಗಶಾಲೆಗೆ ಬೀಗ ಹಾಕಿದ್ದೇವೆಂಬುದೂ ನಮ್ಮ ಅಭಿಪ್ರಾಯವೇ. ಈ ಮಾತನ್ನು ಆಡಲು ನಮಗೆ ಧೈರ್ಯ ಬಂದುದು ಹೋದ ವರ್ಷ ಇಂತಹುದೇ ಒಂದು ಸಂಜೆ ನಾವು ಅನುಭವಿಸಿದ ಸೋಲಿನಿಂದ.

ಅಂದು ಪಾಠ ಮುಗಿಸಿ ಹೊರಟ ನಾವು ಮಳೆಗೆ ಸಿಕ್ಕಿ ಕಾಲೇಜಿನ ಮುಂದಿನ ಜಗಲಿಯಲ್ಲಿ ನಿಂತಿದ್ದೆವು. ಪದವಿ ತರಗತಿಯ ಮೂವರು ವಿದ್ಯಾರ್ಥಿಗಳು ನಮ್ಮ ಪಕ್ಕದಲ್ಲಿದ್ದರು. ಸೇವಂತಿಗೆ ಹೂವಿನ ಪುಟ್ಟಿಯನ್ನು ಇಳಿಸಿಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಜೊತೆಯಲ್ಲಿ ಆರೇಳು ವರ್ಷದ ಮೊಮ್ಮಗ. ಮೊದಲ ಹನಿಗಳು ಬಿದ್ದೊಡನೆ ಮಣ್ಣಿನ ವಾಸನೆ ಎದ್ದಿತು. ಒಬ್ಬ ವಿದ್ಯಾರ್ಥಿ ಉಸಿರೆಳೆದುಕೊಂಡು, “ಪೆಟ್ರಿಕೋರ್, ಸಾರ್” ಎಂದ. ನಾವು ತಲೆದೂಗಿದೆವು. ಮಾತು ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಅಂಗಳದ ಕೆಮ್ಮಣ್ಣು ನೆನೆಯುತ್ತ ಬಂದಿತು. ತಿಳಿಗೆಂಪಾಗಿದ್ದ ನೆಲ ಚುಕ್ಕೆಚುಕ್ಕೆಯಾಗಿ, ಬಳಿಕ ಪೂರ್ತಿಯಾಗಿ, ಕಡುಗೆಂಪಾಯಿತು. ಕಲ್ಲುಚಪ್ಪಡಿಗಳಂತೂ ಕಪ್ಪಾಗಿಯೇ ಹೋದುವು. ಹುಡುಗ ಜಗಲಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಇದನ್ನೇ ನೋಡುತ್ತಿದ್ದವನು ತಿರುಗಿ, “ಅವ್ವ, ನೀರು ಕರ್ರಗಿಲ್ವಲ್ಲ, ನೆಲ ಯಾಕೆ ಕರ್ರಗಾಯ್ತು?” ಎಂದ. ಮುದುಕಿ ನಕ್ಕು, “ನೀವು ಪಾಠ ಹೇಳೋರಲ್ವ ಸ್ವಾಮಿ, ವಸಿ ಹೇಳಿ ಅವನಿಗೆ” ಎಂದು ನಮ್ಮ ಕಡೆ ನೋಡಿದಳು. ನಾವು ಯೋಚಿಸದೆಯೇ, “ನೀರು ಬೆಳಕನ್ನು ಹೀರಿಕೊಳ್ಳುತ್ತದಪ್ಪ, ಅದಕ್ಕೇ ಕಪ್ಪಾಗಿ ಕಾಣುತ್ತದೆ” ಎಂದೆವು. ಮೂವರು ವಿದ್ಯಾರ್ಥಿಗಳೂ ಹೌದೆಂಬಂತೆ ನೋಡಿದರು. ಹುಡುಗ ಮಾತ್ರ ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರೆ ಲೋಟದಲ್ಲಿರೋ ನೀರು ಯಾಕೆ ಕರ್ರಗಿರಾಕಿಲ್ಲ?” ಎಂದು ಕೇಳಿಬಿಟ್ಟ.

ಉತ್ತರ ನಮ್ಮ ಬಳಿ ಇರಲಿಲ್ಲ. ಹುಡುಗನ ವಾದ ಸರಿಯಾಗಿತ್ತು. ನೀರು ಬೆಳಕನ್ನು ಸ್ವಲ್ಪವೂ ಹೀರುವುದಿಲ್ಲವೆಂದಲ್ಲ. ಕೆಲವು ಮೀಟರುಗಳ ಆಳದ ನೀರು ಕೆಂಪು ಬೆಳಕನ್ನು ಗಣನೀಯವಾಗಿ ಹೀರುವುದು. ಆದರೆ ಕಲ್ಲಿನ ಮೇಲಿದ್ದುದು ಕೂದಲೆಳೆಯಷ್ಟು ತೆಳುವಾದ ಪದರ. ಲೋಟದ ನೀರೇ ಬೆಳಕನ್ನು ನಮಗೆ ಕಾಣುವಷ್ಟು ಹೀರದಿರುವಾಗ, ಈ ಪದರ ಹೀರುವುದು ಎಲ್ಲಿ ಬಂತು? ನಾವು ಕೊಟ್ಟುದು ಉತ್ತರವಲ್ಲ, ಉತ್ತರದ ವೇಷ ಧರಿಸಿದ ಒಂದು ಶಬ್ದ. ಪುಸ್ತಕದಲ್ಲಿ ಬೆಳಕಿನ ಪಾಠ ಹೇಳುವ ನಮಗೂ, ಅದನ್ನು ಬರೆದುಕೊಂಡು ಪರೀಕ್ಷೆಯಲ್ಲಿ ತೇರ್ಗಡೆಯಾದ ಆ ಮೂವರಿಗೂ ಅದು ಸಾಕೆನಿಸಿತ್ತು. ಶಾಲೆಯ ಮೆಟ್ಟಿಲನ್ನು ಆಗತಾನೆ ಹತ್ತುತ್ತಿದ್ದ ಮಗುವಿಗೆ ಸಾಕೆನಿಸಲಿಲ್ಲ.

ಪೆಟ್ರಿಕೋರ್ ಎಂಬ ಮಾತಿಗೂ ಇದೇ ಗತಿಯಾಯಿತೆಂಬುದನ್ನು ವಾಚಕರು ಗಮನಿಸಬೇಕು. ಆ ಹೆಸರನ್ನು 1964ರಲ್ಲಿ ಇಟ್ಟವರು ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು. ಅವರು ಬಿಸಿಲಿಗೆ ಒಣಗಿದ ಕಲ್ಲುಗಳನ್ನು ತಂದು, ಹಬೆಯಲ್ಲಿ ಬಟ್ಟಿ ಇಳಿಸಿ, ಅವುಗಳಿಂದ ವಾಸನೆಯ ಎಣ್ಣೆಯನ್ನು ಹೊರತೆಗೆದು ಪರೀಕ್ಷಿಸಿದರು. ಅಷ್ಟು ದುಡಿದ ಮೇಲೆ ಅದಕ್ಕೊಂದು ಹೆಸರಿಟ್ಟರು. ಅವರ ದಾರಿ ಹೆಸರಿನಲ್ಲಿ ಕೊನೆಗೊಂಡಿತು. ನಾವಾದರೋ ಹೆಸರಿನಿಂದಲೇ ಹೊರಟು ಹೆಸರಿನಲ್ಲೇ ನಿಂತುಬಿಡುತ್ತೇವೆ. ಆ ಸಂಜೆ ನಮ್ಮಲ್ಲಿ ಯಾರೂ, ವಾಸನೆ ಮೊದಲ ಹನಿಗಳಿಗೇ ಏಕೆ ಏಳಬೇಕು, ಅರ್ಧ ಗಂಟೆಯ ಮಳೆಯಾದ ಮೇಲೆ ಏಕೆ ಅಡಗಬೇಕು ಎಂದು ಕೇಳಲಿಲ್ಲ.

ಮಳೆ ನಿಂತ ಮೇಲೆ ಮನೆಯ ದಾರಿಯಲ್ಲಿ, ತಳ್ಳುಗಾಡಿಯವನ ಹತ್ತಿರ ನಾಲ್ಕು ಬಿಸಿ ಬೋಂಡ ಕಟ್ಟಿಸಿಕೊಂಡೆವು. ಹಳೆಯ ಪರೀಕ್ಷೆಯ ಹಾಳೆಯೊಂದರಲ್ಲಿ ಕಟ್ಟಿಕೊಟ್ಟ. ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಹಾಳೆಯ ಮೇಲೆ ಅಂಗೈಯಗಲದ ಎಣ್ಣೆಯ ಕಲೆ. ಮೇಜಿನ ಮೇಲಿಟ್ಟು ನೋಡಿದರೆ ಕಲೆ ಸುತ್ತಣ ಕಾಗದಕ್ಕಿಂತ ಮಂಕಾಗಿ, ಕಪ್ಪಾಗಿ ಕಾಣುತ್ತಿತ್ತು. ಒದ್ದೆ ನೆಲದ ಕಥೆಯೇ ಇಲ್ಲಿಯೂ! ಹಾಳೆಯನ್ನು ಎತ್ತಿ ದೀಪಕ್ಕೆ ಅಡ್ಡವಾಗಿ ಹಿಡಿದೆವು. ಕಪ್ಪಾಗಿದ್ದ ಅದೇ ಕಲೆ ಈಗ ಕಿಟಕಿಯಂತೆ ಬೆಳಗಿತು. ಸುತ್ತಣ ಬಿಳಿಯ ಕಾಗದ ಕಪ್ಪಾಗಿ ತೋರಿತು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಎಣ್ಣೆಯ ಚುಕ್ಕೆಯ ದೀಪ್ತಿಮಾಪಕವನ್ನು ನಾವು ಎಷ್ಟೋ ಸಲ ಉಪಯೋಗಿಸಿದ್ದೆವು. ಜರ್ಮನಿಯ ಬುನ್ಸೆನ್ ಎರಡು ದೀಪಗಳ ಬೆಳಕನ್ನು ಹೋಲಿಸುವುದಕ್ಕಾಗಿ ರಚಿಸಿದ ಉಪಕರಣವದು. ಆದರೆ ಅಂಗಳದ ನೆಲಕ್ಕೂ ಅದಕ್ಕೂ ಸಂಬಂಧವುಂಟೆಂಬುದು ಹೊಳೆದುದು ಬೋಂಡದ ಕಾಗದದಿಂದ. ಎಣ್ಣೆ ಬೆಳಕನ್ನು ನುಂಗಿದ್ದರೆ ಕಲೆ ಎರಡು ಕಡೆಯಿಂದಲೂ ಕಪ್ಪಾಗಿ ಕಾಣಬೇಕಿತ್ತು. ಹಾಗಾಗಲಿಲ್ಲ. ನಮ್ಮ ಕಣ್ಣಿಗೆ ಹಿಂದಿರುಗಬೇಕಾಗಿದ್ದ ಬೆಳಕು ಎಲ್ಲಿಯೂ ಕಳೆದುಹೋಗದೆ ಮುಂದಕ್ಕೆ ದಾಟಿಹೋಗಿತ್ತು.

ಹೀಗಾಗುವುದು ಏಕೆ? ಕಾಗದ, ಮಣ್ಣು, ಬಟ್ಟೆ ಇವೆಲ್ಲ ಸಣ್ಣ ಎಳೆಗಳ ಅಥವಾ ಕಣಗಳ ರಾಶಿ. ನಡುವಣ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ. ಬೆಳಕು ಗಾಳಿಯಿಂದ ಕಣಕ್ಕೆ, ಕಣದಿಂದ ಗಾಳಿಗೆ ದಾಟುವಾಗಲೆಲ್ಲ ಒಂದಂಶ ಪ್ರತಿಫಲಿಸುವುದು, ಉಳಿದುದು ದಾರಿ ಬದಲಿಸುವುದು. ಗಾಳಿಯ ವಕ್ರೀಭವನಾಂಕ ಸುಮಾರು 1. ಮರಳಿನ ಕಣದ್ದು ಸುಮಾರು 1.54. ಅಂತರ ದೊಡ್ಡದಾದುದರಿಂದ ಬೆಳಕು ಪ್ರತಿ ಎಲ್ಲೆಯಲ್ಲಿಯೂ ಬಲವಾಗಿ ತಿರುಗಿ, ಬೇಗನೆ ಹಿಂದಕ್ಕೆ ಬಂದುಬಿಡುವುದು. ಒಣಗಿದ ರಾಶಿ ತಿಳಿಯಾಗಿ ಕಾಣುವುದು ಇದರಿಂದ. ಸಂದುಗಳಲ್ಲಿ ನೀರು ತುಂಬಿತೆನ್ನಿ. ನೀರಿನ ವಕ್ರೀಭವನಾಂಕ 1.33. ಕಣಕ್ಕೂ ಸುತ್ತಣ ವಸ್ತುವಿಗೂ ಇರುವ ಅಂತರ ಈಗ ಕಡಿಮೆಯಾಯಿತು. ಬೆಳಕು ಪ್ರತಿ ಕಣದಲ್ಲಿಯೂ ಸ್ವಲ್ಪವೇ ಬಾಗಿ ಮುಂದೆ ಮುಂದೆ ನುಗ್ಗುವುದು. ಕಾಗದ ತೆಳುವಾದುದರಿಂದ ಬೆಳಕು ಆಚೆಗೆ ದಾಟಿಕೊಳ್ಳುತ್ತದೆ. ನೆಲಕ್ಕೆ ಆಚೆಯ ಬದಿ ಎಲ್ಲಿ? ಅದು ಆಳಕ್ಕಿಳಿದು, ಹೆಚ್ಚು ಹೆಚ್ಚು ಕಣಗಳನ್ನು ಸಂಧಿಸಿ, ಕಡೆಗೆ ಮಣ್ಣಿಗೇ ಆಹುತಿಯಾಗುವುದು. ಹೀರುವುದು ನೀರಲ್ಲ, ಮಣ್ಣು. ನೀರು ಬರಿಯ ದಾರಿ ತೋರಿಸುವ ಕೆಲಸ ಮಾಡುತ್ತದೆ.

ಕಲ್ಲುಚಪ್ಪಡಿಯಲ್ಲಿ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಕಲ್ಲಿನಿಂದ ಚೆದರಿ ಮೇಲಕ್ಕೆ ಬಂದ ಬೆಳಕು ನೀರಿನ ಪದರದಿಂದ ಹೊರಬರಬೇಕಷ್ಟೆ. ಲಂಬದಿಂದ ಸುಮಾರು 49 ಅಂಶಗಳಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣಗಳು ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸಿ ಮತ್ತೆ ಕಲ್ಲಿನ ಮೇಲೆ ಬೀಳುವುವು. ಪ್ರತಿ ಸಲವೂ ಕಲ್ಲು ಒಂದು ಪಾಲನ್ನು ಹೀರುವುದು. ಈ ವಿವರಣೆಯನ್ನು 1925ರಲ್ಲಿ ಕೊಟ್ಟವರು ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಮ್. ಬೆಳಕಿನ ಅಲೆಯುದ್ದವನ್ನು ಅಳೆಯುವ ಮಾನಕ್ಕೆ ಯಾರ ಹೆಸರಿದೆಯೋ ಆ ಆಂಗ್‌ಸ್ಟ್ರಾಮರ ಮೊಮ್ಮಗ ಇವರು. ಕಣಗಳ ನಡುವೆ ಬೆಳಕು ಮುಂದಕ್ಕೆ ನುಗ್ಗುವ ಕಾರಣವನ್ನು ಟೂಮಿ, ಬೋರೆನ್ ಮೊದಲಾದವರು 1986ರಲ್ಲಿ ವಿವರವಾಗಿ ಪ್ರಕಟಿಸಿದರು. ಎಂದರೆ, ಹೂವಾಡಗಿತ್ತಿಯ ಮೊಮ್ಮಗ ಕೇಳಿದ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ತಮ್ಮ ಘನತೆಗೆ ಕಡಿಮೆಯೆಂದು ಎಣಿಸಲಿಲ್ಲ.

ಒಮ್ಮೆ ಈ ಸೂತ್ರ ಕೈಗೆ ಬಂದಿತೆಂದರೆ ಮನೆಯಲ್ಲೆಲ್ಲ ಅದೇ ಕಾಣತೊಡಗುವುದು. ಒದ್ದೆ ವಿಭೂತಿಯನ್ನು ಹಣೆಗೆ ಹಚ್ಚಿದೊಡನೆ ಅದು ಹೆಚ್ಚಾಗಿ ಕಾಣುವುದಿಲ್ಲ. ಆರಿದಂತೆ ಬೆಳ್ಳಗೆ ಎದ್ದುಬರುತ್ತದೆ. ಬಿಳಿಯ ಪಂಚೆ ನೆನೆದರೆ ಒಳಗಿನದು ಹೊರಕ್ಕೆ ತೋರುತ್ತದೆ. ಕಲ್ಲುಸಕ್ಕರೆಯ ಹರಳು ಗಾಜಿನಂತೆ ಪಾರದರ್ಶಕ, ಅದನ್ನೇ ಕುಟ್ಟಿದರೆ ಹಿಟ್ಟಿನಂತೆ ಬಿಳುಪು. ಕೊಬ್ಬರಿ ಎಣ್ಣೆ ಬೆಚ್ಚಗಿದ್ದಾಗ ತಿಳಿ, ತಣ್ಣನೆಯ ಬೆಳಗಿನಲ್ಲಿ ಹೆಪ್ಪುಗಟ್ಟಿದಾಗ ಬಿಳುಪು. ಇವೆಲ್ಲ ಬೇರೆ ಬೇರೆ ಸಂಗತಿಗಳೆಂದು ನಾವು ಬಾಲ್ಯದಿಂದ ನೋಡುತ್ತ ಬಂದಿದ್ದೆವು. ಒಂದೇ ಬಳ್ಳಿಯ ಕಾಯಿಗಳೆಂದು ಈಗ ತಿಳಿಯಿತು. ವಿಜ್ಞಾನದ ಸುಖವೆಂದರೆ ಇದೇ. ಪರೀಕ್ಷೆಯ ಅಂಕಗಳಲ್ಲಿ ಇದು ದೊರೆಯದು.

ಇಂತಹ ಕುತೂಹಲ ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲೇ ಪ್ರಸಿದ್ಧ ನಿದರ್ಶನವುಂಟು. 1921ರಲ್ಲಿ ಸಿ. ವಿ. ರಾಮನ್ನರು ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುವುದೇ ಇದಕ್ಕೆ ಕಾರಣವೆಂದು ಲಾರ್ಡ್ ರೇಲಿಯಂತಹ ಮಹಾವಿಜ್ಞಾನಿ ಹೇಳಿದ್ದರು. ರಾಮನ್ನರು ಆ ಮಾತನ್ನು ಉರುಹೊಡೆದು ಸುಮ್ಮನಾಗಲಿಲ್ಲ. ನೀರಿನಿಂದ ಪ್ರತಿಫಲಿಸಿದ ಬೆಳಕು ಲಂಬದಿಂದ ಸುಮಾರು 53 ಅಂಶಗಳ ಕೋನದಲ್ಲಿ ಧ್ರುವೀಕೃತವಾಗಿರುತ್ತದೆ. ನಿಕಲ್ ಪಟ್ಟಕದಿಂದ ಅದನ್ನು ತಡೆಯಬಹುದು. ಅವರು ತಮ್ಮ ಬಳಿಯಿದ್ದ ಪಟ್ಟಕದ ಮೂಲಕ ಕಡಲನ್ನು ನೋಡಿದರು. ಪ್ರತಿಫಲನ ಅಳಿಯಿತು, ನೀಲಿ ಅಳಿಯಲಿಲ್ಲ. ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿತ್ತು. ಹಡಗಿನ ಅಟ್ಟದ ಮೇಲೆ ಹುಟ್ಟಿದ ಆ ವಿಚಾರ ದ್ರವಗಳಲ್ಲಿ ಬೆಳಕು ಚೆದರುವ ಬಗೆಯ ಅಧ್ಯಯನಕ್ಕೆ ದಾರಿಯಾಯಿತು; 1928ರಲ್ಲಿ ರಾಮನ್ ಪರಿಣಾಮವೂ, 1930ರಲ್ಲಿ ನೊಬೆಲ್ ಬಹುಮಾನವೂ ಅದೇ ದಾರಿಯಲ್ಲಿ ಬಂದುವು. ಎಲ್ಲ ಪ್ರಶ್ನೆಗಳಿಗೂ ನೊಬೆಲ್ ಬಹುಮಾನ ಬರುವುದೆಂದು ನಾವು ಹೇಳುತ್ತಿಲ್ಲ. ದೊಡ್ಡವರ ಉತ್ತರವನ್ನೂ ಒಂದು ಸಲ ಕಣ್ಣಿನಿಂದ ಒರೆಹಚ್ಚಿ ನೋಡುವ ಆ ಅಭ್ಯಾಸ ಎಲ್ಲರಿಗೂ ಸಾಧ್ಯವೆಂದಷ್ಟೇ ಹೇಳುತ್ತಿದ್ದೇವೆ.

ಇದಕ್ಕೆ ವಿದ್ಯಾರ್ಥಿಗಳು ಎತ್ತುವ ಆಕ್ಷೇಪಗಳು ನಮಗೆ ಗೊತ್ತು. “ಇದು ಪರೀಕ್ಷೆಗೆ ಬರುವುದಿಲ್ಲವಲ್ಲ, ಸಾರ್” ಎಂಬುದು ಮೊದಲನೆಯದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳ ಅಂಕಗಳ ಮೇಲೆಯೇ ಸಂಸಾರದ ನಾಳೆ ನಿಂತಿರುತ್ತದೆ. ಅಂತಹ ಮನೆಯ ಹುಡುಗನಿಗೆ ಅಂಕ ಮುಖ್ಯವಲ್ಲವೆಂದು ಬೋಧಿಸುವ ಅಧಿಕಾರ ನಮಗಿಲ್ಲ. ಆದರೆ ಒದ್ದೆ ನೆಲದ ಪ್ರಶ್ನೆಯನ್ನು ಬಿಡಿಸಲು ಬೇಕಾದುದು ವಕ್ರೀಭವನ, ಪೂರ್ಣಾಂತರ ಪ್ರತಿಫಲನ, ಹೀರಿಕೆ ಇಷ್ಟೇ. ಇವು ಮೂರೂ ಪಠ್ಯದಲ್ಲಿಯೇ ಇವೆ. ಪಾಠ ಅಂಗಳಕ್ಕೆ ಇಳಿದರೆ ನೆನಪಿನಲ್ಲಿ ಉಳಿಯುವುದು. ಹಾಳೆಯಲ್ಲಿಯೇ ಉಳಿದರೆ ಪರೀಕ್ಷೆಯ ಮರುದಿನ ಆವಿಯಾಗುವುದು. ನಮ್ಮ ಆ ಮೂವರು ವಿದ್ಯಾರ್ಥಿಗಳಿಗೆ, ಅವರಿಗಿಂತ ಮೊದಲು ನಮಗೆ, ಆದುದು ಅದೇ ಅಲ್ಲವೆ?

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಕೈಯಲ್ಲಿರುವ ಫೋನನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುವಾಗ ಜಗಲಿಯಲ್ಲಿ ನಿಂತು ತಲೆ ಕೆಡಿಸಿಕೊಳ್ಳುವುದೇಕೆ? ಫೋನನ್ನು ನಾವೂ ಕೇಳುತ್ತೇವೆ. ಅದನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ನಾವು ಆ ಹುಡುಗನಿಗೆ ಕೊಟ್ಟ ಉತ್ತರವೂ ಕ್ಷಣಮಾತ್ರದಲ್ಲಿ ಬಂದುದೇ. ಅದು ತಪ್ಪೆಂದು ಹುಡುಗ ಕಂಡುಕೊಂಡುದು ಹೇಗೆ? ಲೋಟದ ನೀರನ್ನು ಅವನು ಗಮನವಿಟ್ಟು ನೋಡಿದ್ದ. ತಾನಾಗಿ ನೋಡದವನಿಗೆ ಸರಿಯುತ್ತರವೂ ತಪ್ಪುತ್ತರವೂ ಒಂದೇ ಬೆಲೆಯ ನಾಣ್ಯಗಳು. ಯಾವುದು ಸಲ್ಲುವುದು, ಯಾವುದು ಸಲ್ಲದು ಎಂದು ತಿಳಿಯುವ ಉಪಾಯ ಅವನಲ್ಲಿಲ್ಲ. ಉತ್ತರಗಳು ಹೇರಳವಾಗಿ, ಬಿಟ್ಟಿಯಾಗಿ ದೊರೆಯುವ ಕಾಲದಲ್ಲಿ ಒರೆಗಲ್ಲಿನ ಅಗತ್ಯ ಹೆಚ್ಚುವುದೇ ಹೊರತು ಕಡಿಮೆಯಾಗದು. ಆದುದರಿಂದ ನಮ್ಮ ಸಲಹೆ ಇಷ್ಟೆ: ಫೋನನ್ನು ಕೇಳಿರಿ, ಆದರೆ ಒಂದು ರಾತ್ರಿ ಕಳೆದ ಮೇಲೆ ಕೇಳಿರಿ. ಅಷ್ಟರೊಳಗೆ ನಿಮ್ಮದೇ ಆದ ಒಂದು ಊಹೆಯನ್ನು ಕಾಗದದ ಮೇಲೆ ಬರೆದಿಡಿರಿ. ಊಹೆ ಸುಳ್ಳಾದರೆ ಯಾವ ಪ್ರಯೋಗದಿಂದ ಗೊತ್ತಾಗುವುದೆಂಬುದನ್ನೂ ಬರೆಯಿರಿ.

ಅಂತಹ ಪ್ರಯೋಗವೊಂದನ್ನು ಇಲ್ಲಿಯೇ ಸೂಚಿಸುವೆವು. ಬಿಸಿಲಿನಲ್ಲಿ ಒಣಗಿಸಿ ಜರಡಿ ಹಿಡಿದ ಕೆಮ್ಮಣ್ಣನ್ನು ಮೂರು ತಟ್ಟೆಗಳಲ್ಲಿ ಸಮನಾಗಿ ಹರಡಿರಿ. ಒಂದನ್ನು ಒಣಗಿದಂತೆಯೇ ಬಿಡಿರಿ. ಎರಡನೆಯದಕ್ಕೆ ನೀರು, ಮೂರನೆಯದಕ್ಕೆ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ ಹನಿಸಿ ಚೆನ್ನಾಗಿ ನೆನೆಯಿಸಿರಿ. ಎಣ್ಣೆಯ ವಕ್ರೀಭವನಾಂಕ ಸುಮಾರು 1.45, ಎಂದರೆ ನೀರಿಗಿಂತ ಮಣ್ಣಿನ ಕಣಕ್ಕೆ ಹತ್ತಿರ. ನಾವು ಮೇಲೆ ಕೊಟ್ಟ ವಿವರಣೆ ನಿಜವಾಗಿದ್ದರೆ ಮೂರು ತಟ್ಟೆಗಳು ಯಾವ ಕ್ರಮದಲ್ಲಿ ಕಪ್ಪಾಗಬೇಕು? ಮೊದಲು ಬರೆದಿಟ್ಟು ಆಮೇಲೆ ನೋಡಿರಿ. ಕಣ್ಣಿನ ತೀರ್ಪು ಸಾಲದೆನಿಸಿದರೆ, ಒಂದೇ ದೀಪದ ಕೆಳಗೆ ಮೂರನ್ನೂ ಒಟ್ಟಿಗೆ ಇರಿಸಿ ಫೋನಿನಲ್ಲಿ ಒಂದೇ ಚಿತ್ರ ತೆಗೆದು ಹೋಲಿಸಬಹುದು. ಫಲವನ್ನು ನಾವಿಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಮಾಡುವುದಿಲ್ಲವೆಂದು ನಮಗೆ ಗೊತ್ತು. ನಿಮ್ಮ ವಯಸ್ಸಿನಲ್ಲಿ ನಾವೂ ಮಾಡುತ್ತಿರಲಿಲ್ಲ.

ಉಪಾಧ್ಯಾಯರಾದ ನಮ್ಮ ಪಾಲಿನ ಕೆಲಸವೂ ಉಂಟು. ಕನ್ನಡ ನಾಡಿನಲ್ಲಿ ಇದು ಹೊಸ ಮಾತೇನೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಗಾಗಿ ದುಡಿದರು. ಅದೇ ಊರಿನ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರು ಬಾಳಿನುದ್ದಕ್ಕೂ ಸಾರಿದ ತತ್ತ್ವ. ಇವರು ಹಾಕಿಕೊಟ್ಟ ದಾರಿಯಲ್ಲಿ ನಾವು ಇಡಬಹುದಾದ ಸಣ್ಣ ಹೆಜ್ಜೆಯೊಂದಿದೆ. ಪ್ರತಿ ಶಾಲೆ ಕಾಲೇಜಿನಲ್ಲಿಯೂ ತಿಂಗಳಿಗೆ ಒಂದು ಗಂಟೆಯನ್ನು ವಿದ್ಯಾರ್ಥಿಗಳು ತಾವೇ ಕಂಡು ತಂದ ಪ್ರಶ್ನೆಗಳಿಗೆ ಮೀಸಲಿಡಬೇಕು. ಆ ಗಂಟೆಯಲ್ಲಿ ಉಪಾಧ್ಯಾಯರಿಗೆ “ನನಗೆ ಗೊತ್ತಿಲ್ಲ, ನೋಡೋಣ” ಎನ್ನುವ ಸ್ವಾತಂತ್ರ್ಯವಿರಬೇಕು. ಈ ನಾಲ್ಕು ಮಾತುಗಳನ್ನು ಆಡಲು ನಾವು ನಾಚುವವರೆಗೆ ನಮ್ಮ ವಿದ್ಯಾರ್ಥಿಗಳು ಪ್ರಶ್ನೆ ಕೇಳಲು ನಾಚುತ್ತಲೇ ಇರುವರು.

ಒಂದು ವಾರ ಕಳೆದ ಮೇಲೆ ಮುದುಕಿಯೂ ಮೊಮ್ಮಗನೂ ಮತ್ತೆ ಸಿಕ್ಕಿದರು. ಅಂದೂ ಹನಿಯುತ್ತಿತ್ತು. ನಾವು ಹುಡುಗನನ್ನು ಕರೆದು, “ನಾನು ಹೇಳಿದ್ದು ತಪ್ಪು, ನೀನು ಕೇಳಿದ್ದೇ ಸರಿ” ಎಂದು ಒಪ್ಪಿಕೊಂಡು, ಎಣ್ಣೆಯ ಕಾಗದವನ್ನು ಬೀದಿಯ ದೀಪಕ್ಕೆ ಹಿಡಿದು ತೋರಿಸಿದೆವು. ಅವನು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದ. ಬಳಿಕ ರಸ್ತೆಯ ಕಡೆ ಬೆರಳು ಮಾಡಿ, “ರಸ್ತೆ ಕರ್ರಗಾದ್ಮೇಲೆ ದೀಪ ಯಾಕೆ ಅದರ ಮ್ಯಾಗೆ ಹಿಂಗೆ ಉದ್ದುಕ್ಕೆ ಹೊಳೀತದೆ ಸ್ವಾಮಿ?” ಎಂದ. ಹೌದು, ನೆಲವನ್ನು ಕಪ್ಪು ಮಾಡಿದ ಅದೇ ನೀರು ದೀಪವನ್ನು ರಸ್ತೆಯುದ್ದಕ್ಕೂ ಗೆರೆಯಾಗಿ ಎಳೆದಿತ್ತು. ಕುಕ್ಕರಹಳ್ಳಿ ಕೆರೆಯ ನೀರು ಅಲುಗದೆ ನಿಂತಿರುವಾಗ ಅದರಲ್ಲಿ ದೀಪ ಚುಕ್ಕೆಯಾಗಿಯೇ ಕಾಣುವುದಷ್ಟೆ. ಇಲ್ಲಿ ಉದ್ದವಾದುದೇಕೆ?

ಉತ್ತರ ಗೊತ್ತಿರುವಂತೆ ನಮಗೆ ತೋರಿತು. ಒಂದು ದೊಡ್ಡ ಶಬ್ದವೂ ನಾಲಗೆಯ ತುದಿಗೆ ಬಂದಿತು. ಈ ಸಲ ಅದನ್ನು ನುಂಗಿಕೊಂಡು, “ಬಾ, ಹತ್ತಿರ ಹೋಗಿ ನೋಡೋಣ” ಎಂದು ಛತ್ರಿ ಬಿಚ್ಚಿದೆವು.